ಆತ್ಮವು ಇಳೆಗೆ ಇಳಿದುದೇಕೆ?

ಮನುಷ್ಯನು ಹುಟ್ಟಿದ್ದು ಲೇಸಾಯಿತೋ, ಹುಟ್ಟದೆಯೇ ಇದ್ದಿದ್ದರೆ ಲೇಸಾಗುತ್ತಿತ್ತೋ ಎಂಬ ಪ್ರಶ್ನೆಯನ್ನು ಹಿಡಿದು, ಪ್ರಾಚೀನ ಯೆಹೂದ್ಯ ವಿದ್ವಾಂಸರ ಎರಡು ಪರಂಪರೆಗಳು, ಒಂದು ಶಮ್ಮಾಯಿಯದು ಮತ್ತೊಂದು ಹಿಲ್ಲೇಲನದು, ಎರಡೂವರೆ ವರ್ಷಕಾಲ ವಾದಿಸಿದುವೆಂದು ಯೆಹೂದ್ಯರ ಪ್ರಾಚೀನ ಧರ್ಮಶಾಸ್ತ್ರಗ್ರಂಥವಾದ ತಾಲ್ಮೂದಿನಲ್ಲಿ ಒಂದು ಪ್ರಸಂಗವುಂಟು. ವಾದ ಬಗೆಹರಿಯದಿರಲು ಕಡೆಗೆ ಅವರು ಸಭೆಯ ಮತವನ್ನು ಎಣಿಸಿದರು. ಬಂದ ತೀರ್ಪು ವಿಷಾದಕರವಾದುದು: ಹುಟ್ಟದಿರುವುದೇ ಮನುಷ್ಯನಿಗೆ ಹೆಚ್ಚು ಹಿತವಾಗುತ್ತಿತ್ತು. ಆದರೆ ಆ ತೀರ್ಪಿಗೆ ಒಂದು ಅನುಬಂಧವನ್ನೂ ಅವರು ಸೇರಿಸಿದರು. ಹೇಗೂ ಹುಟ್ಟಿಯಾಗಿರುವುದರಿಂದ ಅವನು ಇನ್ನು ತನ್ನ ನಡತೆಯನ್ನು ಪರಿಶೋಧಿಸಿಕೊಳ್ಳುತ್ತಿರಬೇಕು. ನಿತ್ಯಜೀವನದ ವಿಧಿನಿಷೇಧಗಳನ್ನು ನಿರ್ಣಯಿಸುವುದೇ ಕರ್ತವ್ಯವಾಗಿದ್ದ ಧರ್ಮಶಾಸ್ತ್ರಜ್ಞರಿಗೆ ಅಷ್ಟು ಸಾಕಾಯಿತು. ಆದರೆ ಹುಟ್ಟಿನ ಹಿಂದೆ ಒಬ್ಬ ಕರ್ತೃವಿರುವನೆಂದೂ, ಅವನು ನಿಷ್ಪ್ರಯೋಜಕವಾದುದನ್ನು ಮಾಡನೆಂದೂ ನಂಬಿದ ಅನುಭಾವಿಗೆ ಅದು ಸಾಲದು. ಮನುಷ್ಯನನ್ನು ಇಲ್ಲಿಗೆ ಕಳುಹಿಸಿದುದು ಏತಕ್ಕಾಗಿ ಎಂದು ಅವನು ಕೇಳಿಯೇ ತೀರಬೇಕು.

ಪ್ರಶ್ನೆಯ ಮೊನೆಯನ್ನು ತೀಕ್ಷ್ಣಗೊಳಿಸುವ ಸಂಗತಿ ಮತ್ತೊಂದಿದೆ. ಶ್ರದ್ಧಾವಂತನಾದ ಯೆಹೂದ್ಯನು ಪ್ರತಿದಿನ ಬೆಳಗ್ಗೆ ಮಾಡುವ ಪ್ರಾರ್ಥನೆಯೊಂದರಲ್ಲಿ, ದೇವರು ತನ್ನಲ್ಲಿ ಇರಿಸಿದ ಆತ್ಮವು ಪರಿಶುದ್ಧವಾದುದೆಂದು ಸಾರುತ್ತಾನೆ. ಹುಟ್ಟುವಾಗಲೇ ಕಳಂಕವನ್ನು ಹೊತ್ತು ಬಂದ ಆತ್ಮವೆಂಬ ಕಲ್ಪನೆ ಆ ಪ್ರಾರ್ಥನೆಯಲ್ಲಿ ಇಲ್ಲ. ಆತ್ಮವು ಪಾಪದ ದಂಡನೆಗಾಗಿ ಇಳಿದು ಬಂದುದಾದರೆ ಪ್ರಶ್ನೆಗೆ ಸುಲಭವಾದ ಉತ್ತರ ದೊರೆಯುತ್ತಿತ್ತು. ಶುದ್ಧವಾಗಿದ್ದು, ದಿವ್ಯಸನ್ನಿಧಾನದ ಸುಖದಲ್ಲಿದ್ದು, ಯಾವುದರ ಕೊರತೆಯೂ ಇಲ್ಲದಿದ್ದ ಆತ್ಮವು ಹಸಿವು ನಿದ್ರೆ ಭಯ ಮರಣಗಳ ಈ ಮಣ್ಣಿಗೆ ಏಕೆ ಬರಬೇಕು? ಕಬ್ಬಾಲಾ ಎಂದು ಹೆಸರಾದ ಯೆಹೂದ್ಯ ಅನುಭಾವವು ಎಂಟು ಶತಮಾನಗಳ ಕಾಲ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿ ಉತ್ತರವನ್ನು ಹುಡುಕಿದೆ. ದೊರೆತ ಉತ್ತರಗಳಲ್ಲಿ ಕ್ರಮವಾದ ಬೆಳವಣಿಗೆಯೊಂದು ಕಾಣುತ್ತದೆ. ಆತ್ಮವು ಬಂದುದು ತನ್ನ ಹಿತಕ್ಕಾಗಿ ಎಂಬಲ್ಲಿಂದ ಹೊರಟ ವಿಚಾರವು, ಅದು ಬಂದುದು ತನ್ನದಲ್ಲದ ಒಂದರ ಹಿತಕ್ಕಾಗಿ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಆ ದಾರಿಯನ್ನು ಇಲ್ಲಿ ಸ್ಥೂಲವಾಗಿ ಪರಿಚಯಿಸುವುದು ನನ್ನ ಉದ್ದೇಶ.

ಕಬ್ಬಾಲಾ ಒಂದು ಸಂಪ್ರದಾಯವಾಗಿ ಇತಿಹಾಸದಲ್ಲಿ ಗೋಚರವಾಗುವುದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್ ಪ್ರಾಂತದಲ್ಲಿ. ಅಲ್ಲಿಂದ ಅದು ಸ್ಪೇನಿಗೆ ಹಬ್ಬಿತು. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಬೆಳಕಿಗೆ ಬಂದ ‘ಜೋಹಾರ್’ ಎಂಬ ಮಹಾಗ್ರಂಥವು ಆ ಸಂಪ್ರದಾಯಕ್ಕೆ ಮೂಲಾಧಾರವಾಯಿತು. ಅದು ಎರಡನೆಯ ಶತಮಾನದ ಋಷಿಪ್ರಾಯನಾದ ಶಿಮೋನ್ ಬಾರ್ ಯೋಹಾಯಿಯದೆಂದು ಭಕ್ತರ ನಂಬಿಕೆ. ಅದರ ಬಹುಭಾಗ 1305ರಲ್ಲಿ ತೀರಿಕೊಂಡ ಮೋಶೆ ದೆ ಲೆಯೋನನ ಕೃತಿಯೆಂಬುದು ಆಧುನಿಕ ಸಂಶೋಧಕನಾದ ಗೆರ್ಷೋಮ್ ಶೋಲೆಮ್‌ನ ನಿರ್ಣಯ. ಅಪ್ರಮೇಯನೂ ಅವರ್ಣನೀಯನೂ ಆದ ಪರಮಾತ್ಮನು ಹತ್ತು ಪ್ರಭೆಗಳ ಮೂಲಕ ತನ್ನನ್ನು ಪ್ರಕಟಗೊಳಿಸುತ್ತಾನೆಂಬುದು ಈ ದರ್ಶನದ ಮೂಲಪ್ರಮೇಯ. ‘ಸೆಫಿರೋತ್’ ಎನಿಸಿಕೊಳ್ಳುವ ಆ ಪ್ರಭೆಗಳಲ್ಲಿ ಜ್ಞಾನವುಂಟು, ದಯೆಯುಂಟು, ದಂಡವುಂಟು, ಸೌಂದರ್ಯವುಂಟು. ಕಟ್ಟಕಡೆಯದು ಲೋಕದೊಡನೆ ನೆಲೆಸುವ ದಿವ್ಯಸಾನ್ನಿಧ್ಯ. ಮನುಷ್ಯನು ಕೆಳಗೆ ಮಾಡುವ ಕಾರ್ಯವು ಮೇಲಣ ಈ ಪ್ರಭೆಗಳ ಪರಸ್ಪರ ಸಾಮರಸ್ಯವನ್ನು ಕದಲಿಸಬಲ್ಲದು, ಕೂಡಿಸಬಲ್ಲದು. ಇದು ಧೈರ್ಯದ ಮಾತು. ಭೂಮಿಯ ಮೇಲಣ ಸಣ್ಣ ಕ್ರಿಯೆಗೂ ಆಕಾಶದಲ್ಲಿ ಪರಿಣಾಮವುಂಟೆಂಬ ಈ ನಂಬಿಕೆಯನ್ನು ಒಪ್ಪಿದ ಮೇಲೆ, ಆತ್ಮದ ಇಳಿತವನ್ನು ವ್ಯರ್ಥವೆನ್ನಲು ಯಾರಿಗೂ ಬಾಯಿ ಬಾರದು.

ಆತ್ಮವನ್ನು ಇವರು ಏಕರೂಪದ ವಸ್ತುವೆಂದು ಎಣಿಸಿದವರಲ್ಲ. ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಮಣ್ಣಿನ ಮನುಷ್ಯನ ಮೂಗಿನಲ್ಲಿ ಜೀವಶ್ವಾಸವನ್ನು ಊದಿದನೆಂದು ಹೇಳಿದೆಯಷ್ಟೆ. ಆ ಶ್ವಾಸಕ್ಕೆ ಹಳೆಯ ವ್ಯಾಖ್ಯಾನಕಾರರು ಐದು ಹೆಸರುಗಳನ್ನು ಗುರುತಿಸಿದರು. ಅನುಭಾವಿಗಳು ಅವನ್ನು ಐದು ಸೋಪಾನಗಳಾಗಿ ಕಂಡರು. ದೇಹವನ್ನು ನಡೆಸುವ ಪ್ರಾಣರೂಪದ ‘ನೆಫೆಷ್’ ಎಲ್ಲಕ್ಕೂ ಕೆಳಗಿನದು. ಹೃದಯದ ಭಾವಗಳನ್ನೂ ಶೀಲವನ್ನೂ ಆಶ್ರಯಿಸಿದ ‘ರೂಆಖ್’ ಅದಕ್ಕೆ ಮೇಲಿನದು. ದಿವ್ಯವನ್ನು ಅರಿಯಬಲ್ಲ ‘ನೆಶಾಮಾ’ ಅದಕ್ಕೂ ಮೇಲಿನದು. ‘ಹಯ್ಯಾ’, ‘ಯೆಹೀದಾ’ ಎಂಬ ಕಡೆಯ ಎರಡು ದೇಹದಲ್ಲಿ ಪೂರ್ಣವಾಗಿ ನೆಲೆಸದೆ ಮೂಲಕ್ಕೇ ಅಂಟಿಕೊಂಡಿರುವಂಥವು. ಹುಟ್ಟಿದವನಿಗೆಲ್ಲ ಈ ಐದೂ ದತ್ತವಾಗಿರುವುದಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ಮೊದಲನೆಯದು ಜನ್ಮದೊಡನೆ ಬರುತ್ತದೆ. ಅದನ್ನು ಸಂಸ್ಕರಿಸಿಕೊಂಡವನಿಗೆ ಎರಡನೆಯದೂ, ಅದನ್ನೂ ಸಂಸ್ಕರಿಸಿಕೊಂಡವನಿಗೆ ಮೂರನೆಯದೂ ಲಭಿಸುತ್ತವೆ. ಮನುಷ್ಯನು ತನ್ನ ಆತ್ಮವನ್ನು ಸಂಪಾದಿಸಿಕೊಳ್ಳಬೇಕಾದವನು. ಅವನು ಇಳಿದು ಬಂದಿರುವ ಲೋಕವು ಆ ಸಂಪಾದನೆಯ ಕ್ಷೇತ್ರ.

ಇದಕ್ಕೆ ಪೋಷಕವಾದ ಒಂದು ಕಥೆ ತಾಲ್ಮೂದಿನಲ್ಲಿಯೇ ಇದೆ. ಗರ್ಭಸ್ಥವಾದ ಶಿಶುವಿನ ತಲೆಯ ಮೇಲೆ ದೀಪವೊಂದು ಉರಿಯುತ್ತಿರುತ್ತದೆ. ಅದರ ಬೆಳಕಿನಲ್ಲಿ ಅದು ಲೋಕದ ಒಂದು ಅಂಚಿನಿಂದ ಮತ್ತೊಂದು ಅಂಚಿನವರೆಗೆ ನೋಡಬಲ್ಲದು. ಸಮಸ್ತ ಧರ್ಮವಿದ್ಯೆಯನ್ನೂ ಅದಕ್ಕೆ ಅಲ್ಲಿ ಕಲಿಸಲಾಗುತ್ತದೆ. ಹೊರಗೆ ಬರುವ ಗಳಿಗೆಯಲ್ಲಿ ದೇವದೂತನೊಬ್ಬನು ಅದರ ಬಾಯಿಯ ಮೇಲೆ ತಟ್ಟುತ್ತಾನೆ, ಕಲಿತದ್ದೆಲ್ಲ ಮರೆತುಹೋಗುತ್ತದೆ. ಜೊತೆಗೆ, ಸಜ್ಜನನಾಗಿ ಬಾಳುವೆನೆಂಬ ಪ್ರಮಾಣವನ್ನೂ ಅದರಿಂದ ಮಾಡಿಸಿಕೊಂಡ ಮೇಲೆಯೇ ಹೊರಗೆ ಕಳುಹಿಸಲಾಗುತ್ತದೆ. ಜ್ಞಾನವನ್ನು ಸಂಪಾದಿಸುವುದೇ ಜನ್ಮದ ಪ್ರಯೋಜನವಾಗಿದ್ದರೆ ಗರ್ಭದಲ್ಲಿಯೇ ಅದು ಮುಗಿದಿತ್ತು. ಹುಟ್ಟಬೇಕಾದ ಅಗತ್ಯವೇ ಇರಲಿಲ್ಲ. ತಿಳಿದಿದ್ದನ್ನು ಮರೆಯಿಸಿ ಕಳುಹಿಸಿದುದರಿಂದ, ಕೊಟ್ಟು ಕಳುಹಿಸಿದ ವಿದ್ಯೆಗಿಂತ ಹುಡುಕಿ ಪಡೆದ ವಿದ್ಯೆಗೆ ಬೇರೊಂದು ಬೆಲೆಯುಂಟೆಂದು ಕಥೆ ಸೂಚಿಸುತ್ತದೆ. ಪ್ರಮಾಣವಚನವಾದರೋ, ಬಂದ ಕೆಲಸ ತಿಳಿಯುವುದಷ್ಟೇ ಅಲ್ಲ, ನಡೆಯುವುದೂ ಹೌದೆಂದು ಸೂಚಿಸುತ್ತದೆ.

ಈ ಸೂಚನೆಯಿಂದಲೇ ಹೊರಟ ಮೊದಲನೆಯ ಉತ್ತರವನ್ನು ‘ನಾಚಿಕೆಯ ಅನ್ನ’ ಎಂಬ ಹೆಸರಿನಿಂದ ಕರೆಯುವುದು ವಾಡಿಕೆ. ಪರರ ಅನ್ನವನ್ನು ಉಣ್ಣುವವನು ಬಡಿಸಿದವನ ಮುಖವನ್ನು ನೋಡಲು ನಾಚುತ್ತಾನೆಂಬ ಪ್ರಾಚೀನ ಲೋಕೋಕ್ತಿ ಇದಕ್ಕೆ ಬೀಜ. ಆತ್ಮವು ಮೇಲೆಯೇ ಉಳಿದಿದ್ದರೆ ಅದು ಸವಿಯುತ್ತಿದ್ದ ಆನಂದವೆಲ್ಲ ದಾನವಾಗಿ ಬಂದುದೇ ಆಗುತ್ತಿತ್ತು, ತನ್ನ ದುಡಿಮೆಯಿಂದ ಬಂದ ಒಂದು ತುತ್ತೂ ಅದರಲ್ಲಿ ಇರುತ್ತಿರಲಿಲ್ಲ. ದೇವರ ಔದಾರ್ಯ ಪೂರ್ಣವಾಗಬೇಕಾದರೆ ಕೊಟ್ಟದ್ದನ್ನು ತಲೆಯೆತ್ತಿ ತೆಗೆದುಕೊಳ್ಳುವ ಹಕ್ಕನ್ನೂ ಅವನು ಕೊಡಬೇಕು. ಅದಕ್ಕಾಗಿ ಆತ್ಮವನ್ನು ಆಯ್ಕೆಯಿರುವ, ತಪ್ಪು ನಡೆಯಬಹುದಾದ, ಶ್ರಮವಿಲ್ಲದೆ ಏನೂ ಸಿಗದ ಲೋಕಕ್ಕೆ ಕಳುಹಿಸಿದನು. 1707ರಲ್ಲಿ ಇಟಲಿಯ ಪಾದುವ ನಗರದಲ್ಲಿ ಹುಟ್ಟಿ, ನಲವತ್ತು ತುಂಬುವುದರೊಳಗೆ ಆಕ್ಕೋ ಪಟ್ಟಣದಲ್ಲಿ ತೀರಿಕೊಂಡ ಮೋಶೆ ಹಯ್ಯೀಮ್ ಲುತ್ಸಾತ್ತೋ ಈ ವಿಚಾರವನ್ನು ನಿಚ್ಚಳವಾದ ತರ್ಕದಿಂದ ಪ್ರತಿಪಾದಿಸಿದವರಲ್ಲಿ ಅಗ್ರಗಣ್ಯನು. ದೇವರು ಪೂರ್ಣನು, ಅವನನ್ನು ಹೋಲುವುದೇ ಜೀವಿಗೆ ಪರಮಸುಖ, ತನ್ನ ಒಳ್ಳೆಯತನಕ್ಕೆ ತಾನೇ ಕಾರಣನಾದವನು ಮಾತ್ರ ಆ ಮಟ್ಟಿಗೆ ದೇವರನ್ನು ಹೋಲಬಲ್ಲನು. ಇದು ಅವನ ವಾದದ ಸರಣಿ.

ಈ ಉತ್ತರದಲ್ಲಿ ಮಾನವನ ಘನತೆಯ ಬಗೆಗೆ ನಿಜವಾದ ಗೌರವವಿದೆ. ಆದರೂ ಅದನ್ನು ಎಷ್ಟು ಮನನಮಾಡಿದರೂ ಒಂದು ಅತೃಪ್ತಿ ಉಳಿಯುತ್ತದೆ. ಆ ಲೆಕ್ಕದಲ್ಲಿ ಈ ಭೂಮಿ ಒಂದು ಪರೀಕ್ಷಾಮಂದಿರ ಮಾತ್ರ. ತೇರ್ಗಡೆಯಾದವನು ಹೊರಟುಹೋದ ಮೇಲೆ ಕಟ್ಟಡ ಏನಾದರೂ ಆಗಲಿ. ಕಲ್ಲು, ಮರ, ಪಶು, ನೆರೆಯವನು, ಅವನ ಹಸಿವು, ಇವೆಲ್ಲ ನನ್ನ ಪುಣ್ಯಸಂಪಾದನೆಗೆ ಒದಗಿದ ಸಾಮಗ್ರಿಗಳಾಗುತ್ತವೆಯೇ ಹೊರತು ತಾವೇ ಬೆಲೆಯುಳ್ಳವಾಗುವುದಿಲ್ಲ. ಇದಕ್ಕಿಂತ ವಿಶಾಲವಾದ ಉತ್ತರವೊಂದು ಲುತ್ಸಾತ್ತೋ ಹುಟ್ಟುವ ಮೊದಲೇ, ಗಲಿಲಾಯ ಸೀಮೆಯ ಬೆಟ್ಟದ ಊರೊಂದರಲ್ಲಿ ಮೂಡಿತ್ತು.

1492ರಲ್ಲಿ ಸ್ಪೇನಿನ ದೊರೆಗಳು ತಮ್ಮ ರಾಜ್ಯದ ಯೆಹೂದ್ಯರಿಗೆ ಮತಾಂತರ ಇಲ್ಲವೆ ದೇಶತ್ಯಾಗ ಎಂಬ ಆಜ್ಞೆಯನ್ನು ವಿಧಿಸಿದರು. 1497ರಲ್ಲಿ ಪೋರ್ಚುಗಲ್ಲಿನಲ್ಲಿ ಬಲವಂತದ ಮತಾಂತರ ನಡೆಯಿತು. ಶತಮಾನಗಳಿಂದ ಬೇರೂರಿದ್ದ, ಕಾವ್ಯಶಾಸ್ತ್ರವೈದ್ಯಗಳಲ್ಲಿ ಹೆಸರುವಾಸಿಯಾಗಿದ್ದ ಒಂದು ಸಮಾಜ ಚದುರಿಹೋಯಿತು. ಹಡಗುಗಳಲ್ಲಿ, ಪರದೇಶದ ರೇವುಗಳಲ್ಲಿ, ಅಪರಿಚಿತರ ಬೀದಿಗಳಲ್ಲಿ ಅಲೆದ ಆ ಜನರಿಗೆ ತುರ್ಕಿಯ ಸುಲ್ತಾನರ ರಾಜ್ಯ ಆಶ್ರಯ ಕೊಟ್ಟಿತು. ಹದಿನಾರನೆಯ ಶತಮಾನದ ಮಧ್ಯಭಾಗಕ್ಕೆ ಗಲಿಲಾಯದ ಸಫೇದ್ ಎಂಬ ಊರು ಆ ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳಿಂದ ತುಂಬಿ ವಿದ್ಯಾಕೇಂದ್ರವಾಗಿ ಬೆಳೆದಿತ್ತು. ಯೆಹೂದ್ಯರ ಆಚಾರಸಂಹಿತೆಯನ್ನು ರಚಿಸಿದ ಯೋಸೇಫ್ ಕಾರೋ ಅಲ್ಲಿದ್ದನು. ಶುಕ್ರವಾರ ಸಂಜೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತನ್ನು ವಧುವೆಂದು ಭಾವಿಸಿ ಎದುರ್ಗೊಳ್ಳುವ, ಇಂದಿಗೂ ಲೋಕದ ಎಲ್ಲೆಡೆಯ ಯೆಹೂದ್ಯ ಪ್ರಾರ್ಥನಾಮಂದಿರಗಳಲ್ಲಿ ಹಾಡುವ ಗೀತೆಯನ್ನು ರಚಿಸಿದ ಶ್ಲೋಮೋ ಅಲ್ಕಬೇತ್ಸ್ ಅಲ್ಲಿದ್ದನು. ಕಬ್ಬಾಲಾದ ಚದುರಿದ ವಿಚಾರಗಳನ್ನು ವ್ಯವಸ್ಥಿತವಾದ ಶಾಸ್ತ್ರವನ್ನಾಗಿ ಜೋಡಿಸಿದ ಮೋಶೆ ಕೊರ್ದೊವೆರೋ ಅಲ್ಲಿ ಬೋಧಿಸುತ್ತಿದ್ದನು.

1570ರಲ್ಲಿ ಆ ಊರಿಗೆ ಈಜಿಪ್ಟಿನಿಂದ ಇಸಾಕ್ ಲೂರಿಯ ಎಂಬುವನು ಬಂದನು. ಅವನು ಹುಟ್ಟಿದ್ದು 1534ರಲ್ಲಿ, ಯೆರೂಸಲೇಮಿನಲ್ಲಿ. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು ಈಜಿಪ್ಟಿನಲ್ಲಿ ಬೆಳೆದವನು, ವ್ಯಾಪಾರದಲ್ಲಿಯೂ ತೊಡಗಿದ್ದವನು, ನೈಲ್ ನದಿಯ ಬಳಿ ಬಹುಕಾಲ ಏಕಾಂತದಲ್ಲಿ ಜೋಹಾರ್ ಗ್ರಂಥವನ್ನು ಮನನಮಾಡಿದನೆಂದು ಪ್ರತೀತಿ. ಸಫೇದಿನಲ್ಲಿ ಅವನು ಬಾಳಿದ್ದು ಎರಡು ವರ್ಷಗಳಿಗೆ ಮೀರಿ ಬಹಳವಿಲ್ಲ; 1572ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಸಾಂಕ್ರಾಮಿಕ ರೋಗಕ್ಕೆ ತುತ್ತಾದನು. ತಾನು ಕಂಡದ್ದನ್ನು ಅವನು ಬಹುಮಟ್ಟಿಗೆ ಬರೆದಿಡಲಿಲ್ಲ. ನಮಗೆ ದೊರೆತಿರುವುದು ಮುಖ್ಯವಾಗಿ ಅವನ ಶಿಷ್ಯನಾದ ಹಯ್ಯೀಮ್ ವಿತಾಲನ ಬರಹಗಳಿಂದ. ಆ ಅಲ್ಪಾಯುವಿನ ಎರಡು ವರ್ಷಗಳ ಬೋಧೆಯು ಮುಂದಿನ ಯೆಹೂದ್ಯ ಧಾರ್ಮಿಕ ಜೀವನವನ್ನೆಲ್ಲ ಆವರಿಸಿಕೊಂಡಿತು.

ಲೂರಿಯನ ದರ್ಶನವು ಮೂರು ಅಂಕಗಳ ಒಂದು ಮಹಾನಾಟಕ. ಮೊದಲನೆಯ ಅಂಕದ ಹೆಸರು ‘ತ್ಸಿಮ್ತ್ಸುಮ್’, ಎಂದರೆ ಸಂಕೋಚ. ಆದಿಯಲ್ಲಿ ಅನಂತಜ್ಯೋತಿಯೊಂದೇ ಎಲ್ಲೆಲ್ಲಿಯೂ ವ್ಯಾಪಿಸಿತ್ತು. ಅದರ ಹೊರತು ಮತ್ತೊಂದಕ್ಕೆ ಇರಲು ಎಡೆಯೇ ಇರಲಿಲ್ಲ. ಲೋಕಕ್ಕೆ ಅವಕಾಶ ದೊರೆಯಲೆಂದು ಪರಮಾತ್ಮನು ತನ್ನ ಪ್ರಭೆಯನ್ನು ಹಿಂದಕ್ಕೆ ಸೆಳೆದುಕೊಂಡು ಒಂದು ಶೂನ್ಯಸ್ಥಾನವನ್ನು ತೆರವುಮಾಡಿದನು. ಸೃಷ್ಟಿಯ ಮೊದಲ ಕ್ರಿಯೆ ಇಲ್ಲಿ ಬಲಪ್ರದರ್ಶನವಲ್ಲ, ಸ್ವಯಂನಿಗ್ರಹ. ಎರಡನೆಯ ಅಂಕ ಪಾತ್ರಭಂಗ. ತೆರವಾದ ಆ ಸ್ಥಾನಕ್ಕೆ ಮತ್ತೆ ಒಂದು ಕಿರಣ ಹರಿದು ಬಂದಿತು; ಅದನ್ನು ಧರಿಸಲು ಪಾತ್ರೆಗಳು ಸಿದ್ಧವಾದವು. ಮೇಲಿನ ಮೂರು ಪಾತ್ರೆಗಳು ಬೆಳಕನ್ನು ತಾಳಿಕೊಂಡವು. ಕೆಳಗಿನವು ತಾಳಲಾರದೆ ಒಡೆದುಹೋದವು. ಬೆಳಕಿನ ಬಹುಭಾಗ ಮೂಲಕ್ಕೆ ಹಿಂದಿರುಗಿದರೂ ಇನ್ನೂರೆಂಬತ್ತೆಂಟು ಕಿಡಿಗಳು ಒಡಕಲು ಚೂರುಗಳಿಗೆ ಅಂಟಿಕೊಂಡು ಕೆಳಕ್ಕೆ ಉರುಳಿದವು. ಆ ಚೂರುಗಳೇ ‘ಕೆಲಿಪ್ಪೋತ್’, ಸಿಪ್ಪೆಗಳು, ಲೋಕದಲ್ಲಿರುವ ಕೇಡಿಗೆಲ್ಲ ಅವೇ ಆಶ್ರಯ. ಕೇಡು ತನ್ನ ಸ್ವಂತ ಬಲದಿಂದ ಬದುಕುವುದಿಲ್ಲ, ತನ್ನೊಳಗೆ ಸೆರೆಯಾದ ಪವಿತ್ರ ಕಿಡಿಯ ಜೀವವನ್ನು ಹೀರಿ ಬದುಕುತ್ತದೆ.

ಮೂರನೆಯ ಅಂಕ ‘ತಿಕ್ಕುನ್’. ಅದನ್ನು ನಾವು ಜೀರ್ಣೋದ್ಧಾರವೆನ್ನಬಹುದು. ಒಡೆದುದರ ಬಹುಭಾಗವನ್ನು ದೈವವೇ ಮೇಲಿನ ಲೋಕಗಳಲ್ಲಿ ಜೋಡಿಸಿತು. ಕಡೆಯ ಭಾಗವನ್ನು ಮನುಷ್ಯನಿಗೆ ಬಿಟ್ಟುಕೊಟ್ಟಿತು. ಮೊದಲ ಮನುಷ್ಯನಾದ ಆದಾಮನು ಅದನ್ನು ಒಂದು ದಿನದಲ್ಲಿ ಮುಗಿಸಬಹುದಾಗಿತ್ತು, ಅವನು ತಪ್ಪಿದನು. ಅವನ ಪತನದೊಡನೆ ಲೋಕ ಎರಡನೆಯ ಬಾರಿ ಒಡೆಯಿತು. ಮುಂದೆ ಹುಟ್ಟಬೇಕಾಗಿದ್ದ ಎಲ್ಲ ಆತ್ಮಗಳೂ ಅವನ ಮಹಾತ್ಮದೊಳಗೆ ಅಂಗಾಂಗಗಳಾಗಿ ಅಡಗಿದ್ದವಾದ್ದರಿಂದ ಅವುಗಳ ಕಿಡಿಗಳೂ ಚದುರಿ ಸಿಪ್ಪೆಗಳ ಸೆರೆಗೆ ಸಿಕ್ಕಿದವು. ಅಂದಿನಿಂದ ಹುಟ್ಟುತ್ತಿರುವ ಪ್ರತಿಯೊಂದು ಆತ್ಮವೂ ತನ್ನ ಪಾಲಿನ ಕಿಡಿಗಳನ್ನು ಬಿಡಿಸಿ ಮೇಲೆತ್ತುವುದಕ್ಕಾಗಿ ಬರುತ್ತಿದೆ. ಲೋಕ ಒಡೆದಿರುವುದರಿಂದ ಆತ್ಮ ಬಂದಿದೆ ಎಂಬುದು ಸಫೇದಿನ ಉತ್ತರ.

ದೇಹವನ್ನು ಬಂಧನವೆಂದು ಮಾತ್ರ ಎಣಿಸುವ ದರ್ಶನಗಳಿಂದ ಲೂರಿಯನ ದರ್ಶನ ಬೇರೆಯಾಗುವ ಸ್ಥಳವೇ ಇದು. ಕಿಡಿಗಳು ಬಿದ್ದಿರುವುದು ವಸ್ತುಗಳಲ್ಲಿ: ಧಾನ್ಯದಲ್ಲಿ, ನೀರಿನಲ್ಲಿ, ಚರ್ಮದಲ್ಲಿ, ನಾಣ್ಯದಲ್ಲಿ. ದೇವದೂತರಿಗೆ ಕೈಯಿಲ್ಲ, ಹಸಿವಿಲ್ಲ, ಕೊಳ್ಳುವ ಕೊಡುವ ವ್ಯವಹಾರವಿಲ್ಲ. ಅವರು ಒಂದು ತುಂಡು ರೊಟ್ಟಿಯನ್ನು ಪವಿತ್ರಗೊಳಿಸಲಾರರು. ದೇಹವುಳ್ಳ ಆತ್ಮ ಮಾತ್ರ ಅದನ್ನು ಮಾಡಬಲ್ಲದು. ಮೋಶೆಯ ಧರ್ಮಶಾಸ್ತ್ರದಲ್ಲಿ 613 ಆಜ್ಞೆಗಳಿವೆಯೆಂದೂ, ಮಾಡಬೇಕೆಂಬ 248 ವಿಧಿಗಳು ಮಾನವಶರೀರದ ಅಷ್ಟೇ ಅಂಗಗಳಿಗೂ, ಮಾಡಬಾರದೆಂಬ 365 ನಿಷೇಧಗಳು ಅಷ್ಟೇ ಸ್ನಾಯುಗಳಿಗೂ ಹೊಂದುತ್ತವೆಯೆಂದೂ ಸಂಪ್ರದಾಯ ಲೆಕ್ಕ ಹಾಕುತ್ತದೆ. ಪಶುವಿನ ಚರ್ಮ ಹದಗೊಂಡು ಧರ್ಮಗ್ರಂಥದ ಸುರುಳಿಯಾಗುತ್ತದೆ. ಪ್ರಾರ್ಥನೆಗೆ ಕಟ್ಟಿಕೊಳ್ಳುವ, ಬಾರುಗಳುಳ್ಳ ಪುಟ್ಟ ಪೆಟ್ಟಿಗೆಯಾಗಿ ತೋಳನ್ನೂ ಹಣೆಯನ್ನೂ ಸೇರುತ್ತದೆ. ಗೋಧಿ ಸಬ್ಬತ್ತಿನ ರೊಟ್ಟಿಯಾಗುತ್ತದೆ. ದುಡಿದ ಹಣ ಬಡವನ ಕೈ ಸೇರುತ್ತದೆ. ಇಂಥ ಒಂದೊಂದು ಕ್ರಿಯೆಯಲ್ಲಿಯೂ, ಶ್ರದ್ಧಾಪೂರ್ವಕವಾದ ಸಂಕಲ್ಪವಿದ್ದರೆ, ಆ ವಸ್ತುವಿನೊಳಗೆ ಸಿಕ್ಕಿದ್ದ ಬೆಳಕು ಬಿಡುಗಡೆಯಾಗುತ್ತದೆಂದು ಲೂರಿಯನ ಶಿಷ್ಯರು ನಂಬಿದರು. ಪಶ್ಚಾತ್ತಾಪ ಸತ್ಕ್ರಿಯೆಗಳಲ್ಲಿ ಕಳೆದ ಇಹಲೋಕದ ಒಂದು ಗಳಿಗೆ ಪರಲೋಕದ ಸಮಸ್ತ ಬಾಳಿಗಿಂತ ಮಿಗಿಲೆಂದು ಪ್ರಾಚೀನ ಆಚಾರ್ಯರು ಹೇಳಿದ್ದುದರ ಮರ್ಮ ಇವರಿಗೆ ಹೀಗೆ ತಿಳಿಯಿತು. ಪರಲೋಕದಲ್ಲಿ ಸುಖವಿದೆ, ಕೆಲಸವಿಲ್ಲ.

ಒಂದು ಬಾಳಿನಲ್ಲಿ ಕೆಲಸ ಮುಗಿಯದಿದ್ದರೆ? ಆತ್ಮ ಮತ್ತೆ ಬರುತ್ತದೆ. ಈ ಪುನರಾಗಮನವನ್ನು ಅವರು ‘ಗಿಲ್ಗುಲ್’ ಎಂದು ಕರೆದರು. ಯೆಹೂದ್ಯರಲ್ಲಿ ಈ ವಿಚಾರಕ್ಕೆ ಎಲ್ಲರ ಒಪ್ಪಿಗೆ ಇರಲಿಲ್ಲ. ಹತ್ತನೆಯ ಶತಮಾನದ ಮಹಾಪಂಡಿತನಾದ ಸಾದಿಯಾ ಗಾಓನನು ಅದನ್ನು ಖಂಡಿಸಿದ್ದನು. ಕಬ್ಬಾಲಾ ಅದನ್ನು ಮೊದಲು ರಹಸ್ಯವಾಗಿಯೂ ಆಮೇಲೆ ಬಹಿರಂಗವಾಗಿಯೂ ಸ್ವೀಕರಿಸಿತು. ಹದಿಮೂರನೆಯ ಶತಮಾನದ ಮೋಶೆ ಬೆನ್ ನಹ್ಮಾನನು ಸಾಧುವಾದ ಯೋಬನ ಸಂಕಟಕ್ಕೆ ಕಾರಣವನ್ನು ಈ ಪುನರಾಗಮನದಲ್ಲಿ ಹುಡುಕಿದನು. ಪುನರ್ಜನ್ಮದ ಭಾವನೆ ನಮ್ಮ ಓದುಗರಿಗೆ ಚಿರಪರಿಚಿತವಾದುದು; ಆದುದರಿಂದಲೇ ಭೇದವನ್ನು ಗಮನಿಸುವುದು ಒಳ್ಳೆಯದು. ನಮ್ಮಲ್ಲಿ ಜನ್ಮಪರಂಪರೆಯೆಂಬುದು ಸಾಮಾನ್ಯವಾಗಿ ಕರ್ಮದ ಸರಪಳಿ. ಅದರಿಂದ ಪಾರಾಗುವುದು ಪುರುಷಾರ್ಥ. ಲೂರಿಯನ ಬೋಧೆಯಲ್ಲಿ ಮತ್ತೆ ಬರುವುದು ಕೆಲವೊಮ್ಮೆ ದಂಡನೆಯಾಗಿದ್ದರೂ ಮುಖ್ಯವಾಗಿ ಅದು ಮರಳಿ ದೊರೆತ ಅವಕಾಶ. ಉಳಿದುಹೋದ ಒಂದು ಆಜ್ಞೆಯನ್ನು ನೆರವೇರಿಸಲು, ತೀರಿಸದ ಒಂದು ಋಣವನ್ನು ತೀರಿಸಲು ಆತ್ಮ ಬರಬಹುದು. ಅಷ್ಟೇ ಅಲ್ಲ, ಆಗಲೇ ಸಿದ್ಧಿ ಪಡೆದ ಸತ್ಪುರುಷನ ಆತ್ಮವು ಬದುಕಿರುವ ಮತ್ತೊಬ್ಬನೊಳಗೆ ಕೆಲಕಾಲ ಅತಿಥಿಯಾಗಿ ನೆಲೆಸಿ, ಅವನಿಗೆ ಕಠಿನವಾದ ಕರ್ತವ್ಯವೊಂದರಲ್ಲಿ ನೆರವಾಗಿ ಹೊರಟುಹೋಗುವುದೂ ಉಂಟು. ತನಗಾಗಿ ಏನೂ ಬೇಡದವನು ಪರರ ಸಹಾಯಕ್ಕೆ ಇಳಿದು ಬರುತ್ತಾನೆಂಬ ಈ ಕಲ್ಪನೆ ಈ ಸಂಪ್ರದಾಯದ ಅತ್ಯಂತ ಉದಾತ್ತವಾದ ಕಲ್ಪನೆಗಳಲ್ಲಿ ಒಂದು.

ಆತ್ಮಗಳೆಲ್ಲ ಒಂದೇ ಮಹಾತ್ಮದ ಅಂಗಗಳೆಂದು ಹೇಳಿದೆನಷ್ಟೆ. ಅದರಿಂದ ಹೊರಡುವ ಆಚರಣೆ ಮನಮುಟ್ಟುವಂಥದು. ಬೆಳಗಿನ ಪ್ರಾರ್ಥನೆಯನ್ನು ಆರಂಭಿಸುವ ಮುನ್ನ, ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ಪ್ರತಿಯೊಬ್ಬನೂ ಮನಸ್ಸಿನಲ್ಲಿ ಅಂಗೀಕರಿಸಬೇಕೆಂದು ಲೂರಿಯನು ವಿಧಿಸಿದನು. ತಾನೊಬ್ಬನೇ ಶುದ್ಧನಾಗಿ ಮೇಲೇರುವೆನೆಂದು ಹೊರಟವನ ಪ್ರಾರ್ಥನೆಗೆ ಕಾಲಿಲ್ಲ. ಕೈ ನೊಂದಿರುವಾಗ ಕಣ್ಣು ಮಾತ್ರ ಸ್ವಸ್ಥವಾಗಿರುವ ದೇಹವಿಲ್ಲ. ಪಾಪನಿವೇದನೆಯಲ್ಲಿ ತಾನು ಮಾಡದ ಪಾಪವನ್ನೂ ‘ನಾವು ಮಾಡಿದೆವು’ ಎಂಬ ಬಹುವಚನದಲ್ಲಿ ಹೇಳುವ ರೂಢಿಗೂ ಇದೇ ಅರ್ಥವನ್ನು ಕಲ್ಪಿಸಲಾಯಿತು. ಒಬ್ಬೊಬ್ಬನಿಗೂ ಅವನವನ ಮೂಲಕ್ಕೆ ತಕ್ಕ ಪಾಲಿನ ಕೆಲಸವಿದ್ದರೂ, ಆ ಕೆಲಸದ ಫಲ ಅವನೊಬ್ಬನದಲ್ಲ.

ದೇಶಭ್ರಷ್ಟರಾದ ಜನರಿಗೆ ಈ ದರ್ಶನ ಏನನ್ನು ಕೊಟ್ಟಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಶೋಲೆಮ್ 1941ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಸ್ಪೇನಿನಿಂದಾದ ಉಚ್ಚಾಟನೆಯ ನೋವೇ ಈ ಪುರಾಣದ ಹಿಂದಿನ ಪ್ರೇರಣೆಯೆಂದು ವಾದಿಸಿದನು. ದೇವರೇ ತನ್ನ ಸ್ಥಾನದಿಂದ ಹಿಂದೆ ಸರಿದಂತೆ, ಬೆಳಕೇ ದೇಶಾಂತರ ಹೋದಂತೆ ಅದರಲ್ಲಿ ಚಿತ್ರಿತವಾಗಿದೆಯಷ್ಟೆ. ಮುಂದಿನ ಕೆಲವು ವಿದ್ವಾಂಸರು, ಮೋಶೆ ಇದೇಲ್ ಅವರಲ್ಲಿ ಪ್ರಮುಖರು, ಅಷ್ಟು ನೇರವಾದ ಕಾರ್ಯಕಾರಣಸಂಬಂಧವನ್ನು ಒಪ್ಪಲಿಲ್ಲ. ಕಾರಣದ ವಿಚಾರ ಹೇಗೇ ಇರಲಿ, ಪರಿಣಾಮದಲ್ಲಿ ಸಂದೇಹವಿಲ್ಲ. ಊರೂರು ಅಲೆಯುವುದು ಶಾಪವೆಂದು ತಿಳಿದಿದ್ದವನಿಗೆ, ಪ್ರತಿಯೊಂದು ಊರಿನಲ್ಲಿಯೂ ತನಗಾಗಿ ಕಾದಿರುವ ಕಿಡಿಗಳಿವೆಯೆಂಬ ಭಾವನೆ ಬಂದರೆ ಅಲೆತಕ್ಕೆ ಅರ್ಥ ಬರುತ್ತದೆ, ಬಾಳಿಗೆ ಬೆನ್ನೆಲುಬು ಬರುತ್ತದೆ.

ಇಂಥ ಪ್ರಬಲವಾದ ವಿಚಾರ ಅಪಾಯದಿಂದಲೂ ದೂರವಲ್ಲ. 1665ರಲ್ಲಿ ಸ್ಮಿರ್ನಾ ಪಟ್ಟಣದ ಶಬ್ಬತಾಯಿ ತ್ಸ್ವೀ ಎಂಬುವನು ತಾನೇ ಮೆಸ್ಸೀಯ, ಎಂದರೆ ಯೆಹೂದ್ಯರು ಕಾದಿದ್ದ ಉದ್ಧಾರಕ, ಎಂದು ಘೋಷಿಸಿಕೊಂಡನು. ಯೂರೋಪು ಏಷ್ಯಗಳ ಯೆಹೂದ್ಯ ಸಮಾಜಗಳು ಆಸೆಯಿಂದ ತಳಮಳಿಸಿದವು. ಮರುವರ್ಷವೇ ಸುಲ್ತಾನನ ಬಲವಂತಕ್ಕೆ ಮಣಿದು ಅವನು ಇಸ್ಲಾಂ ಮತವನ್ನು ಸ್ವೀಕರಿಸಿದನು. ಕಿಡಿಗಳು ಕೇಡಿನೊಳಗೆ ಇರುವುದಾದರೆ ಅವುಗಳನ್ನು ಬಿಡಿಸಲು ಕೇಡಿನೊಳಗೇ ಇಳಿಯಬೇಕೆಂದು ಅವನ ಅನುಯಾಯಿಗಳಲ್ಲಿ ಹಲವರು ಅದಕ್ಕೂ ಸಮರ್ಥನೆ ಕಂಡುಕೊಂಡರು, ಕೆಲವರು ಪಾಪವನ್ನೇ ಸಾಧನೆಯೆಂದು ಬಗೆದರು. ಲೂರಿಯನ ಮಾರ್ಗದಲ್ಲಿ ಮೇಲೆತ್ತುವುದಕ್ಕೆ ಸಾಧನವಾಗಿದ್ದುದು ಆಜ್ಞೆಯ ಶಿಸ್ತು. ಆ ಶಿಸ್ತು ಸಡಿಲಿದೊಡನೆ ಅದೇ ತತ್ತ್ವ ಸ್ವೇಚ್ಛೆಯ ಕೈಯ ಆಯುಧವಾಯಿತು.

ಈ ತತ್ತ್ವವನ್ನು ಮತ್ತೆ ಆರೋಗ್ಯಕ್ಕೆ ತಂದುದು ಹದಿನೆಂಟನೆಯ ಶತಮಾನದಲ್ಲಿ ಪೂರ್ವ ಯೂರೋಪಿನ ಹಳ್ಳಿಪಟ್ಟಣಗಳಲ್ಲಿ ಹಬ್ಬಿದ ಹಸೀದ ಪಂಥ. ಪೊದೋಲಿಯ ಸೀಮೆಯಲ್ಲಿ ಬಾಳಿ 1760ರಲ್ಲಿ ಅಗಲಿದ ಬಾಲ್ ಶೇಮ್ ತೋವ್ ಆ ಪಂಥದ ಮೂಲಪುರುಷನು. ಸಫೇದಿನ ಸಾಧಕರು ಕಠಿನವಾದ ಉಪವಾಸಗಳಿಂದ ದೇಹವನ್ನು ದಂಡಿಸಿದ್ದರು, ಅವರ ಧ್ಯಾನಸಂಕಲ್ಪಗಳು ಪಂಡಿತರಿಗೆ ಮಾತ್ರ ನಿಲುಕುವಂಥವಾಗಿದ್ದವು. ಬಾಲ್ ಶೇಮ್ ತೋವನು ಉಪವಾಸದ ಭಾರವನ್ನು ಇಳಿಸಿ ಸಂತೋಷವನ್ನು ಬೋಧಿಸಿದನು. ಗಾಡಿ ಹೊಡೆಯುವವನೂ ಸಂತೆಯಲ್ಲಿ ಮಾರುವವನೂ ಉಣ್ಣುವಾಗ, ಕೊಳ್ಳುವಾಗ, ಮಾತಾಡುವಾಗ ದೇವರನ್ನು ಸೇವಿಸಬಲ್ಲರೆಂದನು. ಮನುಷ್ಯನಿಗೆ ಇಂಥ ತಿನಿಸೇ ಬೇಕೆಂದು ಹಸಿವಾಗುವುದು, ಆ ತಿನಿಸಿನಲ್ಲಿರುವ ಕಿಡಿ ಅವನ ಆತ್ಮದ ಬಂಧುವಾಗಿ ಅವನನ್ನು ಕರೆಯುತ್ತಿರುವುದರಿಂದ ಎಂದು ಅವನ ಬೋಧೆ. ದೇಹ ತನಗೆ ಹಸಿವೆಂದುಕೊಳ್ಳುತ್ತದೆ. ವಸ್ತುತಃ ಹಸಿದಿರುವುದು ಆತ್ಮ. ಹಾಗೆಯೇ ಒಬ್ಬನು ಯಾವುದೋ ಊರಿಗೆ ವ್ಯಾಪಾರಕ್ಕೆಂದು ಹೋಗುತ್ತಾನೆ. ಆದರೆ ಅಲ್ಲಿ ಅವನಿಂದಲೇ ಆಗಬೇಕಾದ ಒಂದು ಒಳಿತು ಕಾದಿರುತ್ತದೆ, ವ್ಯಾಪಾರ ಅದಕ್ಕೊಂದು ನೆಪ.

ವಿಚಾರದ ಪರಾಕಾಷ್ಠೆಯನ್ನು ನಾನು ಕಾಣುವುದು ಲಿಯಾದಿಯ ಶ್ನೇವೂರ್ ಜಲ್ಮಾನನಲ್ಲಿ. 1745ರಿಂದ 1812ರವರೆಗೆ ಬಾಳಿದ ಈ ಆಚಾರ್ಯನು ಹಸೀದ ಪಂಥದ ಹಬಾದ್ ಶಾಖೆಯ ಸ್ಥಾಪಕ. 1796ರಲ್ಲಿ ಅಚ್ಚಾದ ‘ತಾನ್ಯಾ’ ಅವನ ಮುಖ್ಯ ಕೃತಿ. ಮನುಷ್ಯನಲ್ಲಿ ಎರಡು ಆತ್ಮಗಳಿವೆ, ಒಂದು ದೇಹವನ್ನೂ ಅದರ ಬಯಕೆಗಳನ್ನೂ ಆಶ್ರಯಿಸಿದುದು, ಮತ್ತೊಂದು ದೇವರ ಅಂಶವೇ ಆದುದು ಎಂದು ಅವನು ಆರಂಭಿಸುತ್ತಾನೆ. ಕೆಳಗಣ ಲೋಕದಲ್ಲಿ ತನಗೊಂದು ನಿವಾಸ ಬೇಕೆಂದು ದೇವರು ಬಯಸಿದನೆಂಬ ಪುರಾತನ ವ್ಯಾಖ್ಯಾನವೊಂದನ್ನು ಹಿಡಿದು, ಸೃಷ್ಟಿಯ ಪ್ರಯೋಜನ ಉನ್ನತವಾದ ದಿವ್ಯಲೋಕಗಳಲ್ಲಿ ಇಲ್ಲವೆಂದೂ, ಬೆಳಕು ಅತ್ಯಂತ ಮಸುಕಾಗಿರುವ, ದೇವರನ್ನು ಅಲ್ಲಗಳೆಯುವುದಕ್ಕೂ ಸಾಧ್ಯವಿರುವ ಈ ಕಡೆಯ ಲೋಕದಲ್ಲಿಯೇ ಅದು ಇದೆಯೆಂದೂ ತೋರಿಸುತ್ತಾನೆ. ಅನಂತರ ಲೂರಿಯನ ಸಂಪ್ರದಾಯವನ್ನೇ ಆಧಾರವಾಗಿಟ್ಟುಕೊಂಡು ಒಂದು ಮಾತನ್ನು ಆಡುತ್ತಾನೆ: ದಿವ್ಯಾಂಶವಾದ ಆತ್ಮಕ್ಕೆ ತನ್ನ ಪಾಲಿಗೆ ಯಾವ ಸಂಸ್ಕಾರವೂ ಬೇಕಿಲ್ಲ. ದೇಹವನ್ನೂ, ಆ ದೇಹದ ಬಯಕೆಯ ಆತ್ಮವನ್ನೂ, ಅವುಗಳ ಪಾಲಿಗೆ ಬಂದ ಪ್ರಪಂಚದ ತುಣುಕನ್ನೂ ಸರಿಪಡಿಸುವುದಕ್ಕಾಗಿಯೇ ಅದು ಇಳಿದಿದೆ.

‘ನಾಚಿಕೆಯ ಅನ್ನ’ದಿಂದ ಇಲ್ಲಿಗೆ ಬಂದ ದೂರವನ್ನು ಓದುಗರು ಗಮನಿಸಬೇಕು. ಅಲ್ಲಿ ಆತ್ಮ ತನ್ನ ಸುಖವನ್ನು ನ್ಯಾಯವಾಗಿ ಗಳಿಸಿಕೊಳ್ಳಲು ಬಂದಿತ್ತು. ಗಿಲ್ಗುಲಿನ ಬೋಧೆಯಲ್ಲಿ ತನ್ನ ಕೊರೆಯನ್ನೂ ಲೋಕದ ಕೊರೆಯನ್ನೂ ಒಟ್ಟಿಗೆ ತುಂಬಿಸಲು ಬಂದಿತ್ತು. ತಾನ್ಯಾದಲ್ಲಿ ತನ್ನದಾದ ಅಗತ್ಯವೇ ಇಲ್ಲದೆ, ಆದರೂ ತನ್ನ ಇಡೀ ಸುಖವನ್ನು ಬಿಟ್ಟು, ಕೆಳಗಿನದರ ಉದ್ಧಾರಕ್ಕಾಗಿ ಬಂದಿದೆ. ಹೀಗಾಗಿ ಸಾಧಕನಿಗೂ ಅವನ ದೇಹಕ್ಕೂ ಇರುವ ಸಂಬಂಧವೇ ಬದಲಾಗುತ್ತದೆ. ಬಯಕೆಗಳೊಡನೆ ಹೋರಾಡುತ್ತ ಗೆದ್ದೂ ಗೆಲ್ಲದ ಸಾಮಾನ್ಯನು ತನ್ನನ್ನು ತಾನು ಹಳಿದುಕೊಳ್ಳಬೇಕಾಗಿಲ್ಲ. ಆ ಹೋರಾಟಕ್ಕಾಗಿಯೇ ಅವನನ್ನು ಕಳುಹಿಸಲಾಗಿದೆ. ಶ್ನೇವೂರ್ ಜಲ್ಮಾನನು ತನ್ನ ಗ್ರಂಥವನ್ನು ಸಿದ್ಧಪುರುಷರಿಗಾಗಿ ಬರೆಯಲಿಲ್ಲ, ಈ ನಡುವಣ ಮನುಷ್ಯನಿಗಾಗಿ ಬರೆದನು.

ಈ ದರ್ಶನದ ಒಂದು ಸಂಕುಚಿತತೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕಬ್ಬಾಲಾದ ಅನೇಕ ಗ್ರಂಥಗಳು, ತಾನ್ಯಾದ ಆರಂಭದ ಅಧ್ಯಾಯಗಳೂ ಸೇರಿದಂತೆ, ದಿವ್ಯಾಂಶದ ಆತ್ಮವನ್ನು ಇಸ್ರಾಯೇಲ್ಯರಿಗೆ ಮೀಸಲಾಗಿ ಹೇಳುತ್ತವೆ. ಕಿರುಕುಳಕ್ಕೆ ಸಿಕ್ಕಿ ಸುತ್ತ ಗೋಡೆ ಕಟ್ಟಿಕೊಂಡು ಬಾಳಬೇಕಾಗಿದ್ದ ಜನರ ಮಾತಿದು ಎಂದು ಅದರ ಹಿನ್ನೆಲೆಯನ್ನು ಅರ್ಥಮಾಡಿಕೊಳ್ಳಬಹುದು, ಒಪ್ಪಬೇಕಾಗಿಲ್ಲ. ದೇವರ ರೂಪದಲ್ಲಿ ಮನುಷ್ಯಮಾತ್ರನು ಸೃಷ್ಟಿಯಾದನೆಂಬ ಆದಿಕಾಂಡದ ಮಾತು ಅದಕ್ಕಿಂತ ಹಳೆಯದು, ಅದಕ್ಕಿಂತ ದೊಡ್ಡದು. ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಅಮೆರಿಕದ ಯೆಹೂದ್ಯರಲ್ಲಿ, ‘ಲೋಕದ ತಿಕ್ಕುನ್’ ಎಂಬುದು ಸಮಾಜಸೇವೆಗೂ ನ್ಯಾಯಕ್ಕಾಗಿ ನಡೆಯುವ ಹೋರಾಟಗಳಿಗೂ ಘೋಷವಾಕ್ಯವಾಗಿ ಬೆಳೆಯಿತು. ಲೂರಿಯನ ಜ್ಯೋತಿಗಳೂ ಪಾತ್ರೆಗಳೂ ಅದರಲ್ಲಿ ಕಾಣದಿದ್ದರೂ ಲೋಕದ ಒಡಕಿಗೆ ಮನುಷ್ಯನು ಹೊಣೆಯೆಂಬ ಮೂಲಭಾವ ಅದರಲ್ಲಿ ಉಳಿದಿದೆ, ಗೋಡೆಯೂ ಬಹುಮಟ್ಟಿಗೆ ಕೆಳಗಿಳಿದಿದೆ.

ಪಾತ್ರಭಂಗದ ಕಥೆಯನ್ನು ಅಕ್ಷರ ಅಕ್ಷರವಾಗಿ ನಂಬಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಆದರೆ ಅದು ಬಾಳಿನ ಪ್ರಶ್ನೆಯನ್ನೇ ತಿರುಗಿಸಿ ನಿಲ್ಲಿಸುವ ರೀತಿ ನಂಬದವನಿಗೂ ಗ್ರಾಹ್ಯವಾದುದು. ಈ ಲೋಕದಿಂದ ನನಗೆ ಏನು ದೊರೆಯುತ್ತದೆಂದು ಕೇಳುವವನಿಗೆ ಲೋಕದ ಅಪೂರ್ಣತೆ ಒಂದು ಮೋಸವಾಗಿ ತೋರುತ್ತದೆ, ತಾನು ಹುಟ್ಟಿದ್ದೇ ತಪ್ಪೆಂಬ ನಿರಾಶೆ ಹತ್ತಿರವೇ ಸುಳಿಯುತ್ತದೆ. ನನ್ನಿಂದ ಇಲ್ಲಿ ಏನಾಗಬೇಕಾಗಿದೆ ಎಂದು ಕೇಳುವವನಿಗೆ ಅದೇ ಅಪೂರ್ಣತೆ ಒಂದು ವಿಶ್ವಾಸದ ಕುರುಹಾಗಿ ಕಾಣುತ್ತದೆ. ಸರ್ವಶಕ್ತನು ತಾನೇ ಮುಗಿಸಬಹುದಾಗಿದ್ದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಮನುಷ್ಯನ ಕೈಗೆ ಕೊಟ್ಟಿದ್ದಾನೆಂದರೆ ಅದಕ್ಕಿಂತ ದೊಡ್ಡ ಗೌರವ ಯಾವುದು? ಆ ಕೆಲಸವಾದರೂ ದೂರದ್ದಲ್ಲ. ತನ್ನ ಮನೆಯ ಅನ್ನ, ತನ್ನ ಕಸುಬಿನ ಹಣ, ತನ್ನ ಬೀದಿಯ ನೆರೆಯವನು, ತನ್ನೊಳಗಿನ ಕೋಪ ಮತ್ತು ಆಸೆ, ಇಷ್ಟೇ ಒಬ್ಬೊಬ್ಬನಿಗೆ ಒಪ್ಪಿಸಿದ ಪ್ರಪಂಚ. ಅದನ್ನು ಮತ್ತೊಬ್ಬನು, ಎಷ್ಟೇ ದೊಡ್ಡ ಸಂತನಾದರೂ, ಅವನ ಪರವಾಗಿ ಸರಿಪಡಿಸಿ ಮುಗಿಸಲಾರನು. ಒಬ್ಬನ ಪಾಲು ಉಳಿದಷ್ಟು ಕಾಲವೂ ಎಲ್ಲರ ಕೆಲಸವೂ ಉಳಿದೇ ಇರುತ್ತದೆ. ಆತ್ಮವು ಭೂಮಿಗೆ ಬಂದುದಕ್ಕೆ ಇದಕ್ಕಿಂತ ಗಂಭೀರವಾದ ಕಾರಣವನ್ನು ಕಲ್ಪಿಸುವುದು ಕಷ್ಟ. ಇದಕ್ಕಿಂತ ಹತ್ತಿರದ ಕೆಲಸವನ್ನು ತೋರಿಸುವುದೂ ಕಷ್ಟ.